ತೊಂಬತ್ತೇಳನೆಯ ಪುಟದ ಕುರಿಗಳು

ಪುಸ್ತಕ ಓದುವುದು ಅಂಥ ಕಷ್ಟದ ಕೆಲಸವೇನಲ್ಲ. ಓದಿ ಮಡಚಿಡುವ ಹೊತ್ತಿಗೆ ಯಾರಾದರೂ ‘ಹೇಗಿದೆ?’ ಎಂದು ಕೇಳುತ್ತಾರಲ್ಲ, ಕಷ್ಟ ಇರುವುದು ಅಲ್ಲಿ. ಸಾರು ಹೇಗಿದೆ ಎಂದರೆ ಉಪ್ಪು ಒಂದು ಚಿಟಿಕೆ ಕಡಿಮೆ ಎನ್ನಬಹುದು. ಸೀರೆ ಹೇಗಿದೆ ಎಂದರೆ ಅಂಚು ಚೆನ್ನಾಗಿದೆ ಎಂದು ಪಾರಾಗಬಹುದು. ಪುಸ್ತಕದ ವಿಷಯ ಹಾಗಲ್ಲ. ಅದರ ಬಗ್ಗೆ ನಾವು ಆಡುವ ಮಾತು ಪುಸ್ತಕಕ್ಕಿಂತ ಹೆಚ್ಚಾಗಿ ನಮ್ಮನ್ನೇ ಬಯಲಿಗೆಳೆಯುತ್ತದೆ. ‘ನನಗೆ ಅರ್ಥವಾಗಲಿಲ್ಲ’ ಎನ್ನುವುದು ಎಷ್ಟು ಸಣ್ಣ ಮಾತು! ಅದು ನನ್ನ ಬಾಯಿಂದ ಹೊರಡಲು ನಲವತ್ತು ವರ್ಷ ಬೇಕಾಯಿತು. ಜೊತೆಗೆ ಹದಿನಾರು ಪುಟಗಳ ತುಂಬ ಕುರಿಗಳೂ ಬೇಕಾದವು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನಾಗ ಕೊಟ್ಟೂರಿನ ಒಂದು ಶಾಲೆಯಲ್ಲಿ ಹಿಂದಿ ಟೀಚರ್. ಹಿಂದಿ ಟೀಚರ್ ಎಂದರೆ ಗಣಿತದ ಮೇಷ್ಟ್ರು ರಜೆ ಹಾಕಿದ ದಿನ ಮಾತ್ರ ಹೆಡ್‌ಮಾಸ್ಟರಿಗೆ ನೆನಪಾಗುವ ಜೀವ. ಊರಿನಲ್ಲಿ ನನಗಿದ್ದ ಅಷ್ಟಿಷ್ಟು ಮರ್ಯಾದೆ ಬಂದದ್ದು ನಮ್ಮ ಓಣಿಯ ವಾಚನಾಲಯದಿಂದ. ಅದೊಂದು ಹಳೆಯ ಹತ್ತಿ ಗೋದಾಮಿನ ಮುಂಭಾಗ. ಎರಡು ಕೋಣೆ, ಮೂರು ಬೀರು, ನಡುವೆ ಒಂದು ಉದ್ದನೆಯ ಬೆಂಚು. ಮನೆ ಸುಣ್ಣ ಬಣ್ಣ ಮಾಡಿಸುವಾಗ ಜನ ಅಟ್ಟದಿಂದ ಇಳಿಸಿ ಕೊಟ್ಟ ಪುಸ್ತಕಗಳೇ ಅಲ್ಲಿನ ಆಸ್ತಿ. ಬಾಗಿಲು ತೆಗೆದರೆ ಹಳೆಯ ಕಾಗದ, ಹತ್ತಿಬೀಜ ಮತ್ತು ಊದಿನಕಡ್ಡಿಯ ಒಂದು ಕೂಡು ವಾಸನೆ ಬರುತ್ತಿತ್ತು. ಈಗಲೂ ಯಾವುದಾದರೂ ಹಳೆಯ ಪುಸ್ತಕ ಸಿಕ್ಕರೆ ಮೊದಲು ಮೂಗಿಗೆ ಹಿಡಿಯುತ್ತೇನೆ. ಆ ವಾಸನೆ ಮಾತ್ರ ಎಲ್ಲೂ ಸಿಕ್ಕಿಲ್ಲ.

ವಾಚನಾಲಯ ನಡೆಸುತ್ತಿದ್ದವರು ನಿವೃತ್ತ ಪೋಸ್ಟ್‌ಮಾಸ್ಟರ್ ವೀರಭದ್ರಪ್ಪನವರು. ಪುಸ್ತಕ ಒಯ್ದು ಓದದೆ ತಂದಿಡುವವರನ್ನು ಕಂಡರೆ ಅವರಿಗೆ, ವಿಳಾಸ ಸರಿಯಿದ್ದೂ ಹಿಂದಿರುಗಿ ಬಂದ ಕಾಗದ ಕಂಡಷ್ಟು ಸಿಟ್ಟು. ಅದಕ್ಕೇ ಒಂದು ಕಾನೂನು ಮಾಡಿದ್ದರು. ಅಮಾವಾಸ್ಯೆಯ ದಿನ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅಂಗಡಿಯವರೂ ಪೂಜೆ ಮುಗಿಸಿ ಬೇಗ ಬಾಗಿಲು ಹಾಕುತ್ತಾರೆ. ಆ ಸಂಜೆ ಎಲ್ಲರೂ ವಾಚನಾಲಯದಲ್ಲಿ ಸೇರಬೇಕು. ಬೀರುಗಳಿಗೆ ಊದಿನಕಡ್ಡಿ ಬೆಳಗಿ ಒಂದು ಕಾಯಿ ಒಡೆದ ಮೇಲೆ, ಆ ತಿಂಗಳು ಪುಸ್ತಕ ಒಯ್ದವರು ಒಬ್ಬೊಬ್ಬರಾಗಿ ಎದ್ದು ಓದಿದ್ದರ ಬಗ್ಗೆ ಅಭಿಪ್ರಾಯ ಹೇಳಬೇಕು. ಹೇಳದವರಿಗೆ ಹೊಸ ಪುಸ್ತಕವಿಲ್ಲ. ಕೊನೆಯಲ್ಲಿ ಬರುವ ಮಿರ್ಚಿ ಮಂಡಕ್ಕಿಯೂ ಇಲ್ಲ. ಮಿರ್ಚಿಯ ಆಸೆಗೆ ನಮ್ಮೂರಿನಲ್ಲಿ ಎಷ್ಟು ಜನ ವಿಮರ್ಶಕರಾದರು ಎಂಬುದನ್ನು ಯಾರೂ ಬರೆದಿಟ್ಟಿಲ್ಲ.

ನಾನಂತೂ ಆ ಸಭೆಯ ರಾಣಿ. ಒಬ್ಬೊಬ್ಬರು ಒಂದು ಪುಸ್ತಕ ಮುಗಿಸಲು ಏದುಸಿರು ಬಿಡುತ್ತಿದ್ದಾಗ ನಾನು ಐದು ಪುಸ್ತಕದ ಬಗ್ಗೆ ಅಭಿಪ್ರಾಯ ಹೇಳುತ್ತಿದ್ದೆ. ಅದರ ಗುಟ್ಟನ್ನು ಈಗ ಹೇಳಿಬಿಡುತ್ತೇನೆ. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಹಿಚುಕಿದರೆ ಸಾಕಲ್ಲವೇ? ಮೊದಲ ಹತ್ತು ಪುಟ, ಕೊನೆಯ ಹತ್ತು ಪುಟ, ನಡುವೆ ಅಲ್ಲೊಂದು ಇಲ್ಲೊಂದು ಅಗುಳು. ಬೆಳಿಗ್ಗೆ ರೊಟ್ಟಿ ಬಡಿದು, ಹಗರಿಬೊಮ್ಮನಹಳ್ಳಿಯ ಆಫೀಸಿಗೆ ಬಸ್ಸಿನಲ್ಲಿ ಓಡಾಡುವ ಯಜಮಾನರಿಗೆ ಬುತ್ತಿ ಕಟ್ಟಿ, ಶಾಲೆಗೆ ಹೋಗಿ ಬರುವ ಹೆಂಗಸಿಗೆ ಅದಕ್ಕಿಂತ ಹೆಚ್ಚು ಓದಲು ಪುರುಸೊತ್ತು ಎಲ್ಲಿಂದ ಬರಬೇಕು ಹೇಳಿ.

ನನ್ನ ಕಥೆಯ ಆ ತಿಂಗಳಿನಲ್ಲೂ ಐದು ಪುಸ್ತಕ ತಂದಿದ್ದೆ. ಮೊದಲನೆಯದು ಒಬ್ಬ ಇಂಜಿನಿಯರು ಜಪಾನಿಗೆ ಹೋಗಿ ಬಂದ ಪ್ರವಾಸಕಥನ. ಆ ಪುಣ್ಯಾತ್ಮ ಅಲ್ಲಿ ಏನು ನೋಡಿದ ಎನ್ನುವುದಕ್ಕಿಂತ ಏನನ್ನು ತಿನ್ನಲಿಲ್ಲ ಎನ್ನುವುದನ್ನೇ ನಲವತ್ತು ಪುಟ ಬರೆದಿದ್ದ. ಹೋಗುವಾಗ ಒಯ್ದ ಅವಲಕ್ಕಿ ಮುಗಿದ ದಿನದ ಅಧ್ಯಾಯ ಮಾತ್ರ ಕರುಳು ಹಿಂಡುವಂತಿತ್ತು. ಎರಡನೆಯದು ಪತ್ತೇದಾರಿ ಕಾದಂಬರಿ. ಅದರ ಮೊದಲ ಪುಟದಲ್ಲೇ ಯಾರೋ ಪರೋಪಕಾರಿ ಓದುಗ ಪೆನ್ಸಿಲಿನಲ್ಲಿ ‘ಕೊಲೆ ಮಾಡಿದವನು ಡ್ರೈವರ್’ ಎಂದು ಬರೆದಿದ್ದ. ಕೊನೆಯ ಪುಟಗಳು ಹರಿದುಹೋಗಿದ್ದರಿಂದ ಮುಂದಿನವರಿಗೆ ತೊಂದರೆಯಾಗದಿರಲಿ ಎಂಬ ಸದುದ್ದೇಶವೇ ಇರಬೇಕು. ಆದರೆ ಡ್ರೈವರ್ ಪಾಪ ಪ್ರತಿಸಲ ಕಾರಿನ ಬಾಗಿಲು ತೆಗೆದಾಗಲೂ ನನಗೆ ಅವನ ಮೇಲೆ ಸಿಟ್ಟು ಬರುತ್ತಿತ್ತು. ಮೂರನೆಯದು ಕವನ ಸಂಕಲನ. ಪುಟಕ್ಕೆ ನಾಲ್ಕೇ ಸಾಲು, ಉಳಿದದ್ದೆಲ್ಲ ಬಿಳಿ ಜಾಗ. ಕುಕ್ಕರ್ ಎರಡು ಸಲ ಕೂಗುವಷ್ಟರಲ್ಲಿ ಮುಗಿಯಿತು. ‘ಇಲ್ಲಿ ಮೌನವೇ ಮಾತಾಡುತ್ತದೆ’ ಎಂದು ಹೇಳಿದೆ, ಚಪ್ಪಾಳೆ ಬಿತ್ತು. ನಾಲ್ಕನೆಯದು ಒಬ್ಬ ಸೂಲಗಿತ್ತಿ ಹೇಳಿ ಬರೆಸಿದ ಜೀವನಕಥೆ. ಅದೊಂದನ್ನು ಮಾತ್ರ ಒಂದಕ್ಷರ ಬಿಡದೆ ಓದಿದೆ. ಓದುತ್ತಾ ನನ್ನ ಅವ್ವನ ಅಂಗೈ ನೆನಪಾಗಿ ಅತ್ತೂಬಿಟ್ಟೆ. ಸಭೆಯಲ್ಲಿ ಅದರ ಬಗ್ಗೆ ಹೇಳಲು ಎದ್ದರೆ ‘ಚೆನ್ನಾಗಿದೆ’ ಎನ್ನುವುದರ ಆಚೆ ನಾಲಿಗೆ ಹೊರಳಲಿಲ್ಲ. ನನ್ನ ಅನುಭವ ಇಷ್ಟೇ: ಮನಸ್ಸಿಗೆ ತಾಗಿದ ಪುಸ್ತಕದ ಬಗ್ಗೆ ಮಾತು ಬರುವುದಿಲ್ಲ, ಅರ್ಥವಾಗದ ಪುಸ್ತಕದ ಬಗ್ಗೆ ನಿಲ್ಲುವುದೇ ಇಲ್ಲ.

ಐದನೆಯದು ಒಂದು ಕಾದಂಬರಿ. ರಟ್ಟು, ಹೆಸರಿನ ಪುಟ ಎಲ್ಲ ಹೋಗಿ, ಹೊಸದಾಗಿ ಬೈಂಡ್ ಮಾಡಿಸಿದ್ದು. ಇಲ್ಲಿ ನಮ್ಮ ಬೈಂಡರ್ ಹುಸೇನ್ ಸಾಬರ ವಿಷಯ ಹೇಳಬೇಕು. ಬಸ್‌ಸ್ಟ್ಯಾಂಡಿನ ಹಿಂದೆ ಅವರದೊಂದು ಸಣ್ಣ ಅಂಗಡಿ. ಶಾಲೆಯ ರಿಜಿಸ್ಟರು, ಅಂಗಡಿಯವರ ಖಾತೆ ಪುಸ್ತಕ, ಮಠದ ಪುರಾಣ, ಮಸೀದಿಯ ಕಿತಾಬು ಎಲ್ಲಕ್ಕೂ ಅವರದೇ ಸೂಜಿ. ಮೈದಾ ಅಂಟಿಗೆ ಹುಳ ಹಿಡಿಯದಂತೆ ಮೈಲುತುತ್ತ ಹಾಕಿ ಕುದಿಸುತ್ತಿದ್ದರು. ಅವರ ಬೆರಳ ತುದಿ ಯಾವಾಗಲೂ ನೀಲಿ. ವಾಚನಾಲಯದ ಹರಿದ ಪುಸ್ತಕಗಳನ್ನು ಮೂವತ್ತು ವರ್ಷದಿಂದ ಅವರೇ ಬಿಚ್ಚಿ ಹೊಲಿಯುತ್ತಿದ್ದರು. ಅಷ್ಟು ವರ್ಷದಲ್ಲಿ ಒಂದು ಹಾಳೆ ಹಿಂದುಮುಂದಾಗಿಲ್ಲ ಎಂಬುದು ಅವರ ಹೆಮ್ಮೆ. ಆದರೆ ಕಣ್ಣಿಗೆ ಪೊರೆ ಬರತೊಡಗಿತ್ತು. ಇನ್ನು ಪುಸ್ತಕಗಳನ್ನು ಹೊಸಪೇಟೆಗೆ ಕಳಿಸಿ ಮಶೀನಿನಲ್ಲಿ ಮಾಡಿಸೋಣ ಎಂದು ವಾಚನಾಲಯದ ಕಮಿಟಿಯಲ್ಲಿ ಒಂದಿಬ್ಬರು ಗೊಣಗುತ್ತಿದ್ದರು. ಒಂದೇ ಒಂದು ತಪ್ಪು ತೋರಿಸಿ, ಆಮೇಲೆ ನೋಡೋಣ ಎಂದು ವೀರಭದ್ರಪ್ಪನವರು ಅವರ ಬಾಯಿ ಮುಚ್ಚಿಸಿದ್ದರು.

ಕಾದಂಬರಿಯ ನಾಯಕಿ ಸುಲೋಚನೆ. ಅದನ್ನು ನಾನು ಕೂಡ್ಲಿಗಿಯ ತಂಗಿಯ ಮನೆಗೆ ಹೋಗುವ ಬಸ್ಸಿನಲ್ಲಿ, ನಿಂತುಕೊಂಡೇ ಓದಿದ್ದು. ತೊಂಬತ್ತಾರನೆಯ ಪುಟದಲ್ಲಿ ಅವಳಿಗೆ ಗಂಡನಿಂದ ಕಾಗದ ಬರುತ್ತದೆ. ‘ನಡುಗುವ ಕೈಯಿಂದ ಲಕೋಟೆ ಒಡೆದಳು. ಒಂದೇ ಸಾಲು. ಅದನ್ನು ಓದುತ್ತಿದ್ದಂತೆ ಅವಳ’ ಎಂದು ಪುಟ ಮುಗಿಯುತ್ತದೆ. ನಾನು ಉಸಿರು ಬಿಗಿಹಿಡಿದು ತೊಂಬತ್ತೇಳಕ್ಕೆ ತಿರುಗಿಸಿದೆ. ‘ಬಾಯಿಯಲ್ಲೂ ಗೊರಸಿನ ಸಂದಿನಲ್ಲೂ ಹುಣ್ಣುಗಳು ಕಾಣಿಸಿಕೊಳ್ಳುತ್ತವೆ. ಇಂಥದ್ದನ್ನು ಕೂಡಲೇ ಹಿಂಡಿನಿಂದ ಬೇರೆ ಕಟ್ಟಬೇಕು.’

ಬುದ್ಧಿಯಿದ್ದ ಯಾರೇ ಆಗಲಿ ಇಲ್ಲಿ ಪುಸ್ತಕ ಮುಚ್ಚಿ ತಲೆ ಕೆರೆದುಕೊಳ್ಳುತ್ತಿದ್ದರು. ನನಗೆ ಮೈ ಜುಮ್ಮೆಂದಿತು. ಹೊಸ ಕಾಲದ ಬರವಣಿಗೆಯಲ್ಲಿ ಏನೇನೋ ಪ್ರಯೋಗ ಮಾಡುತ್ತಾರೆಂದು ಎಲ್ಲೋ ಓದಿದ್ದೆ. ಪುಟದ ಸಂಖ್ಯೆ ಸರಿಯಾಗಿದೆ, ಅಕ್ಷರವೂ ಅದೇ ಅಚ್ಚು, ಕಾಗದವೂ ಅದೇ. ಹದಿನಾರು ಪುಟ ಕುರಿಗಳ ರೋಗ, ಜಂತುಹುಳು, ಉಣ್ಣೆ ಕತ್ತರಿಸುವ ಕಾಲ. ನೂರಾ ಹದಿಮೂರನೆಯ ಪುಟದಲ್ಲಿ ಸುಲೋಚನೆ ಏನೂ ಆಗಿಲ್ಲವೆಂಬಂತೆ ಕಾಫಿ ಸೋಸುತ್ತಿದ್ದಾಳೆ. ಕೂಡ್ಲಿಗಿ ಬರುವಷ್ಟರಲ್ಲಿ ನನ್ನ ಅಭಿಪ್ರಾಯ ಸಿದ್ಧವಾಗಿತ್ತು.

ಅಮಾವಾಸ್ಯೆಯ ಸಭೆಯಲ್ಲಿ ಆ ಪುಟಗಳನ್ನು ಗಟ್ಟಿಯಾಗಿ ಓದಿದೆ. ಕುಟುಂಬವೆಂಬುದೇ ಹಿಂಡು, ಗಂಡ ಬಿಟ್ಟ ಹೆಣ್ಣು ಹಿಂಡಿನಿಂದ ಬೇರೆ ಕಟ್ಟಿದ ಕುರಿ, ಅವಳ ಬಾಯಿಯ ಹುಣ್ಣು ಎಂದರೆ ಆಡಲಾಗದ ಮಾತು ಎಂದು ಕಾಲು ಗಂಟೆ ವಿವರಿಸಿದೆ. ಜಂತುಹುಳುವಿಗೂ ಒಂದು ಅರ್ಥ ಹೇಳಿದೆ; ಅದು ಈಗ ನನಗೇ ನೆನಪಿಲ್ಲ, ದೇವರು ದೊಡ್ಡವನು. ಸಭೆ ಬಾಯಿ ತೆರೆದು ಕೇಳಿತು. ದನದ ಆಸ್ಪತ್ರೆಯ ಕಾಂಪೌಂಡರ್ ನಾಗಪ್ಪ ಎದ್ದು, ಕಾದಂಬರಿ ಬರೆದವನು ಕುರಿಯ ಬಗ್ಗೆ ಸರಿಯಾಗಿ ತಿಳಿದುಕೊಂಡೇ ಬರೆದಿದ್ದಾನೆ, ಔಷಧದ ಅಳತೆಯೂ ಬರೋಬ್ಬರಿ ಇದೆ ಎಂದು ಸರ್ಟಿಫಿಕೇಟು ಕೊಟ್ಟ. ಹೊಲಿದ ಪುಸ್ತಕಗಳ ಕಟ್ಟು ಒಪ್ಪಿಸಲು ಬಂದು ಬಾಗಿಲ ಬಳಿ ಕುಳಿತಿದ್ದ ಹುಸೇನ್ ಸಾಬರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿ, ಮತ್ತೆ ತೆಗೆದರು. ನನ್ನ ಮಾತಿಗೆ ಮನಸ್ಸು ಕರಗಿದೆ ಎಂದುಕೊಂಡೆ. ಅವತ್ತು ಎರಡು ಮಿರ್ಚಿ ಹೆಚ್ಚಿಗೆ ತಿಂದೆ. ನಾಗಪ್ಪ ಕುರಿಯ ಮಾತು ಕೇಳಿ ಹುರುಪುಗೊಂಡು, ಬೀರುವಿನಲ್ಲಿದ್ದ ಕುರಿ ಸಾಕಣೆಯ ಕೈಪಿಡಿಯೊಂದನ್ನು ಒಯ್ದ.

ಮರುದಿನ ಸಂಜೆ ಹುಸೇನ್ ಸಾಬರು ನಮ್ಮ ಮನೆಗೆ ಬಂದರು. ಒಳಗೆ ಬನ್ನಿ ಎಂದರೂ ಬರಲಿಲ್ಲ, ಕಟ್ಟೆಯ ಮೇಲೇ ಕುಳಿತರು. ನೀಲಿ ಬೆರಳುಗಳನ್ನು ನೋಡಿಕೊಳ್ಳುತ್ತಲೇ ಹೇಳಿದರು:

“ಟೀಚರಮ್ಮಾರ, ಆ ಕುರಿ ಬರದಾಂವ ಬರದಿದ್ದಲ್ರಿ. ನಾ ಹೊಲದಿದ್ದು.”

ಆದದ್ದು ಇಷ್ಟು. ಹದಿನಾರು ಪುಟದ ಒಂದೊಂದು ಕಟ್ಟಿಗೆ ಅವರು ಫಾರಂ ಎನ್ನುತ್ತಿದ್ದರು. ಕಾದಂಬರಿ ಮತ್ತು ಕುರಿ ಕೈಪಿಡಿ ಎರಡೂ ಒಂದೇ ಪ್ರೆಸ್ಸಿನವು, ಒಂದೇ ಅಳತೆಯವು, ಎರಡಕ್ಕೂ ರಟ್ಟಿಲ್ಲ, ಎರಡನ್ನೂ ಒಂದೇ ದಿನ ಬಿಚ್ಚಿ ಅಕ್ಕಪಕ್ಕ ಇಟ್ಟಿದ್ದರು. ಏಳನೆಯ ಫಾರಂ ಅದಲುಬದಲಾಗಿದೆ. ಸಂಖ್ಯೆ ನೋಡಿದ್ದಾರೆ, ಎರಡರಲ್ಲೂ ತೊಂಬತ್ತೇಳೇ. ಅಕ್ಷರ ನೋಡುವಷ್ಟು ಕಣ್ಣು ಸ್ಪಷ್ಟವಿಲ್ಲ. ಮುಂದಿನ ಅಮಾವಾಸ್ಯೆಗೆ ಎಲ್ಲರೆದುರು ಹೇಳಿ, ಎರಡನ್ನೂ ಬಿಚ್ಚಿ ಸರಿ ಮಾಡಿಕೊಡುತ್ತೇನೆ, ಆಮೇಲೆ ಕೆಲಸ ಕೊಡುವುದು ಬಿಡುವುದು ಕಮಿಟಿಯವರ ಇಷ್ಟ ಎಂದರು.

ನನಗೆ ಕಿವಿಯವರೆಗೂ ಬಿಸಿ ಏರಿತು. ಆದರೂ ಟೀಚರಮ್ಮನ ಬಾಯಿ, ಸುಮ್ಮನಿರುತ್ತದೆಯೇ? ಹೇಳಬೇಡಿ ಸಾಬರೇ, ನಿಮ್ಮ ಮೂವತ್ತು ವರ್ಷದ ಹೆಸರು ಹೋಗುತ್ತದೆ, ಕೆಲಸ ಹೊಸಪೇಟೆಗೆ ಹೋಗುತ್ತದೆ, ಪುಸ್ತಕ ತರುತ್ತೇನೆ, ಸದ್ದಿಲ್ಲದೆ ಸರಿಮಾಡಿಬಿಡಿ ಎಂದೆ. ಎಷ್ಟು ಕಾಳಜಿಯಿಂದ ಹೇಳಿದೆನೆಂದರೆ, ಅವರ ಸಲುವಾಗಿಯೇ ಹೇಳುತ್ತಿದ್ದೇನೆಂದು ಅರ್ಧ ನಾನೂ ನಂಬಿದೆ. ನಿಜ ಹೇಳಬೇಕೆಂದರೆ ನನ್ನ ಕಣ್ಣ ಮುಂದಿದ್ದದ್ದು ಅವರ ಸೂಜಿಯಲ್ಲ, ಇಡೀ ಊರು ನನ್ನನ್ನು ನೋಡಿ ‘ಬ್ಯಾ’ ಎನ್ನುವ ಚಿತ್ರ. ಅವರು ಚಹಾ ಕುಡಿದು ಹೋದರು.

ಮರುದಿನವೇ ಕುರಿ ಪುಸ್ತಕ ಬಿಡಿಸಿಕೊಂಡು ಬರಲು ನಾಗಪ್ಪನ ಮನೆಗೆ ಹೋದೆ. ಹಿಂದಿ ಟೀಚರ್ ಕುರಿ ರೋಗದ ಪುಸ್ತಕ ಕೇಳಿಕೊಂಡು ಬಂದದ್ದು ನೋಡಿ ಆತ, ಎಷ್ಟು ಕುರಿ ಹಿಡಿದೀರಿ, ಮೇಯಿಸುವವರು ಯಾರು ಎಂದು ಆಸಕ್ತಿಯಿಂದ ವಿಚಾರಿಸಿದ. ಯಜಮಾನರಿಗೆ ಆಸೆ ಬಂದಿದೆ ಎಂದು ಒಂದು ಸುಳ್ಳು ಹೇಳಿದೆ. ಅದೂ ದಂಡವಾಯಿತು. ಪುಸ್ತಕ ಆಗಲೇ ಉಜ್ಜಿನಿಯ ಹತ್ತಿರ ಕುರಿ ಸಾಕಿಕೊಂಡಿದ್ದ ಅವನ ಭಾವಮೈದುನನ ಕೈ ಸೇರಿತ್ತು. ವಾರದೊಳಗೆ ನಮ್ಮ ಯಜಮಾನರನ್ನು ಬಸ್ಸಿನಲ್ಲಿ ನಾಲ್ಕು ಜನ ‘ಕುರಿ ತಗೊಂಡ್ರಂತಲ್ರಿ’ ಎಂದು ಕೇಳಿದರು. ಅವರು ಮನೆಗೆ ಬಂದು, ನಾವು ಕುರಿ ತೆಗೆದುಕೊಂಡ ವಿಷಯವನ್ನು ಮೊದಲು ತಮಗೆ ತಿಳಿಸಬಹುದಿತ್ತು ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು.

ಆ ತಿಂಗಳು ಎಷ್ಟು ಬೇಗ ಕರಗಿತೋ! ಅಮಾವಾಸ್ಯೆಯ ಸಂಜೆ ಜ್ವರದ ನೆಪ ಹೇಳಿ ಮಲಗೋಣವೆಂದುಕೊಂಡೆ. ಆದರೆ ನಾನಿಲ್ಲದಾಗ ಏನು ಮಾತಾಡುತ್ತಾರೋ ಎಂಬ ಭಯ ಜ್ವರಕ್ಕಿಂತ ದೊಡ್ಡದು. ಹೋದೆ. ನಾಗಪ್ಪ ಕುರಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಹೊಟ್ಟೆಯಲ್ಲಿ ನಗು ತುಂಬಿಕೊಂಡು ಕುಳಿತಿದ್ದ. ಕಾಯಿ ಒಡೆದದ್ದಾಯಿತು. ನಾಗಪ್ಪ ಏಳುವುದಕ್ಕೂ ಮೊದಲೇ ಬಾಗಿಲ ಬಳಿಯಿಂದ ಹುಸೇನ್ ಸಾಬರು ಎದ್ದರು. ಅವರು ಆ ಸಭೆಯಲ್ಲಿ ಮಾತಾಡಿದ್ದು ನಾನು ಕಂಡಂತೆ ಅದೇ ಮೊದಲು.

“ಮೂವತ್ತು ವರ್ಷದಾಗ ಒಂದು ಹಾಳಿ ಹಿಂದ ಮುಂದ ಮಾಡಿದಾಂವಲ್ರಿ. ಈ ಸಲ ಮಾಡೀನಿ. ಕಾದಂಬರಿಯಾಗ ಕುರಿ ಸೇರ್‍ಯಾವ, ಕುರಿ ಪುಸ್ತಕದಾಗ ಆ ಹೆಣ್ಣಮಗಳು ಸೇರ್‍ಯಾಳ. ಟೀಚರಮ್ಮಾರಿಗೆ ಅವತ್ತ ಗೊತ್ತಾಗಿತ್ತು. ಮಂದಿಯೊಳಗ ನನ್ನ ಮರ್ಯಾದಿ ಹೋಗಬಾರದಂತ, ಅದಕ್ಕೂ ಒಂದು ಅರ್ಥ ಕಟ್ಟಿ ಹೇಳಿ ಮುಚ್ಚಿಟ್ರು. ಅವರದು ದೊಡ್ಡ ಮನಸ್ಸು. ಆದ್ರ ತಪ್ಪು ನಂದು.”

ಆಮೇಲೆ ನಾಗಪ್ಪ ತಡೆಯಲಾರದೆ ಪುಸ್ತಕ ತೆರೆದು ಓದಿದ. ತೊಂಬತ್ತಾರರ ಕೊನೆಯಲ್ಲಿ ‘ರೋಗ ತಗುಲಿದ ಕುರಿಯ’ ಎಂದಿತ್ತು, ತೊಂಬತ್ತೇಳರಲ್ಲಿ ‘ಕಣ್ಣು ಕತ್ತಲಾಯಿತು. ಕಾಗದವನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.’ ಆ ಕಾಗದವನ್ನು ಯಾವ ಟಗರು ಬರೆದಿತ್ತು ಎಂದು ಭಾವಮೈದುನ ಕೇಳಿ ಕಳಿಸಿದ್ದಾನಂತೆ. ಬೆಂಚು ಅಲ್ಲಾಡುವಂತೆ ನಕ್ಕರು. ಹುಸೇನ್ ಸಾಬರೂ ನಕ್ಕರು. ನಗು ಇಳಿದ ಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಆ ನೋಟದಲ್ಲಿ ಇದ್ದದ್ದು ಹಾಸ್ಯವಲ್ಲ, ಗೌರವ. ಒಬ್ಬರ ಮಾನ ಉಳಿಸಲು ಜಂತುಹುಳುವಿಗೂ ಅರ್ಥ ಹುಡುಕಿದ ತಾಯಿ ಎಂಬ ಗೌರವ.

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಎದ್ದು ನಿಂತು, ಇಲ್ಲ, ನನಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ, ನಾನದನ್ನು ನಂಬಿಯೇ ಹೇಳಿದ್ದೆ ಎಂದೆ. ಜೀವನದಲ್ಲಿ ಮೊದಲ ಸಲ ಆ ಸಭೆಯಲ್ಲಿ ನಾನು ಸತ್ಯ ಹೇಳಿದ್ದು. ಒಬ್ಬರೂ ನಂಬಲಿಲ್ಲ. ವೀರಭದ್ರಪ್ಪನವರು ಕನ್ನಡಕದ ಮೇಲಿಂದ ನೋಡಿ, ದೊಡ್ಡವರು ತಮ್ಮ ಒಳ್ಳೆಯತನವನ್ನು ಒಪ್ಪಿಕೊಳ್ಳುವುದಿಲ್ಲ ಎಂದರು. ಆಮೇಲೆ ತೀರ್ಪು ಕೊಟ್ಟರು. ತಾನೇ ಎದ್ದು ತಪ್ಪು ಹೇಳುವ ಮನುಷ್ಯನನ್ನು ಬಿಟ್ಟು ಹೇಳಲು ಬಾಯಿಯೇ ಇಲ್ಲದ ಮಶೀನಿಗೆ ತಾವು ಪುಸ್ತಕ ಕೊಡುವುದಿಲ್ಲ. ಕೆಲಸ ಹುಸೇನ್ ಸಾಬರದೇ. ಆದರೆ ಹೊಲಿಯುವ ಮೊದಲು ಒಂದು ಫಾರಮ್ಮಿನ ಕೊನೆಯ ಸಾಲು, ಮುಂದಿನ ಫಾರಮ್ಮಿನ ಮೊದಲ ಸಾಲು ಕೂಡುತ್ತದೆಯೋ ಇಲ್ಲವೋ ಎಂದು ಯಾರಾದರೂ ಓದಿ ನೋಡಬೇಕು. ಆ ಯಾರಾದರೂ ಯಾರಾಗಬೇಕು ಎಂಬ ಬಗ್ಗೆ ಚರ್ಚೆಯೇ ನಡೆಯಲಿಲ್ಲ.

ಮರುದಿನ ಶಾಲೆ ಬಿಟ್ಟವಳೇ ಅಂಗಡಿಗೆ ಹೋದೆ. ಅಂಟಿನ ಪಾತ್ರೆ ಒಲೆಯ ಮೇಲಿತ್ತು. ಹುಸೇನ್ ಸಾಬರು ಸುಲೋಚನೆಯನ್ನು ಕುರಿ ಹಿಂಡಿನಿಂದ ಬಿಡಿಸುತ್ತಿದ್ದರು. ನಾನು ನಿಂತೇ ಹೇಳಿದೆ, ಸಾಬರೇ ನಿಮಗೆ ಕೈಮುಗಿಯುತ್ತೇನೆ, ನೀವಾದರೂ ನಂಬಿ, ನನಗೆ ಆ ಪುಸ್ತಕ ಅರ್ಥವಾಗಿರಲಿಲ್ಲ.

ಅವರು ದಾರ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. “ಗೊತ್ತೈತ್ರಿ” ಎಂದರು.

ಗೊತ್ತಿದ್ದೂ ಅಷ್ಟು ಜನರೆದುರು ಹಾಗೇಕೆ ಹೇಳಿದಿರಿ ಎಂದು ಕೇಳಿದೆ.

“ತಪ್ಪು ಮಾಡಿದಾಂವ ನಾನು. ಒಬ್ಬರ ಮರ್ಯಾದಿ ಹೋದ್ರ ಸಾಕಲ್ರಿ, ಇಬ್ಬರದ್ಯಾಕ?” ಎಂದು, ಕುಳಿತುಕೊಳ್ಳಲು ರಟ್ಟಿನ ಚೂರುಗಳನ್ನು ಸರಿಸಿ ಜಾಗ ಮಾಡಿದರು.

ಅಂಥ ಮನುಷ್ಯನ ಮುಂದೆ ನಾನು ಕೆಲಸ ಕಳೆದುಕೊಳ್ಳುವ ಭಯ ತೋರಿಸಿ ಬಾಯಿ ಮುಚ್ಚಿಸಲು ನೋಡಿದ್ದೆ. ಆ ನಾಚಿಕೆ ಇಂದಿಗೂ ಹೋಗಿಲ್ಲ, ಹೋಗುವುದೂ ಬೇಡ. ಅಂದಿನಿಂದ ಆರೇಳು ವರ್ಷ, ಅವರ ಕಣ್ಣು ಪೂರಾ ಕೈಕೊಡುವವರೆಗೆ, ವಾರಕ್ಕೆರಡು ಸಂಜೆ ಆ ಅಂಗಡಿಯಲ್ಲಿ ಕುಳಿತು ಪುಸ್ತಕಗಳ ಸಂದುಗಳನ್ನು ಓದಿದೆ. ಹದಿನಾರು ಪುಟಕ್ಕೆ ಎರಡು ಸಾಲು. ಮೊದಲು, ನನ್ನಂಥವಳಿಗೆ ದೇವರೇ ಹುಡುಕಿ ಕೊಟ್ಟ ಉದ್ಯೋಗ ಎಂದುಕೊಂಡೆ. ಆದರೆ ಸಂದಿನಲ್ಲಿ ಕಾಣುವುದೇನು? ಬಾಗಿಲು ತಟ್ಟಿದ ಸದ್ದು, ತೆರೆದವರು ಯಾರು ಎಂಬುದಿಲ್ಲ. ಸರಿ, ಒಂದು ಪುಟ ಮುಂದೆ ಹೋಗಿ ನೋಡೋಣ ಎನ್ನಿಸುತ್ತಿತ್ತು. ಒಂದು ಹೋಗಿ ಹತ್ತಾಗುತ್ತಿತ್ತು. ಹೊಲಿಯದ ಬಿಡಿ ಫಾರಂಗಳನ್ನು ತೊಡೆಯ ಮೇಲೆ ಹರಡಿಕೊಂಡು ನಾನು ಇಡೀ ಪುಸ್ತಕ ಓದುತ್ತಿದ್ದೆ, ಸಾಬರು ಸೂಜಿಗೆ ದಾರ ಪೋಣಿಸಿಕೊಂಡು ಕಾಯುತ್ತಿದ್ದರು.

ಸಹಜವಾಗಿಯೇ ಪುಸ್ತಕಗಳು ತಡವಾಗತೊಡಗಿದವು. ಒಂದು ದಿನ ವೀರಭದ್ರಪ್ಪನವರು ಕೊಡೆ ಹಿಡಿದು ಅಂಗಡಿಗೇ ಬಂದು, ಮೊದಲು ತಿಂಗಳಿಗೆ ಇಪ್ಪತ್ತು ಪುಸ್ತಕ ಕೊಡುತ್ತಿದ್ದವರು ಈಗ ಆರು ಕೊಡುತ್ತೀರಿ, ಏನಾಗಿದೆ ಸಾಬರೇ ಎಂದು ಜೋರಾಗಿಯೇ ಕೇಳಿದರು. ಹುಸೇನ್ ಸಾಬರು ಕನ್ನಡಕ ತೆಗೆದು ಒರೆಸುತ್ತಾ, ವಯಸ್ಸಾಯಿತು, ಕೈ ಮೊದಲಿನಂತೆ ಓಡುವುದಿಲ್ಲ ಎಂದರು. ಅಲ್ಲೇ ಮೂಲೆಯಲ್ಲಿ ಓದುತ್ತಾ ಕುಳಿತಿದ್ದ ನಾನು ಎದ್ದು ನಿಂತು, ತಡ ನನ್ನಿಂದಲೇ ಎಂದು ನಿಜ ಹೇಳಬೇಕಾದ ಹೊತ್ತು ಅದು. ಹೇಳಬೇಕೆಂದೇ ಇದ್ದೆ. ಅಧ್ಯಾಯ ಮುಗಿಯಲು ಇನ್ನೊಂದೇ ಪುಟ ಉಳಿದಿತ್ತು, ತಲೆ ಎತ್ತಲಿಲ್ಲ.